ಮುಪ್ಪಿನ ಕಷ್ಟಕ್ಕೆ ಧರ್ಮವನ್ನು ದೂರುವುದು ನ್ಯಾಯವೇ? – ದಾಸೋಹದ ಹೊಣೆ ಮತ್ತು ದೊರೆಯ ಹೊಣೆ



ಹರಪನಹಳ್ಳಿ ತಾಲೂಕಿನ ಹಲವಾಗಲು ತುಂಗಭದ್ರೆಯ ದಡದ ಊರು. ಮಳೆಗಾಲದಲ್ಲಿ ಹೊಳೆ ಉಕ್ಕಿ ದಡದ ಹೊಲಗಳನ್ನು, ಗರ್ಭಗುಡಿಯ ಕಡೆಗೆ ಹೋಗುವ ದಾರಿಯನ್ನು ಮುಳುಗಿಸುವುದುಂಟು. ಹೊಳೆಯಿಂದ ದೂರ ಸರಿದಂತೆ ಅದೇ ತಾಲೂಕು ಮಳೆಯನ್ನೇ ನಂಬಿದ ಒಣಭೂಮಿ. ಮಳೆ ಕೈಕೊಟ್ಟ ವರ್ಷ ಆ ಊರುಗಳ ದುಡಿಯುವ ಮಂದಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಲೆನಾಡಿನ ಕಾಫಿ ತೋಟಗಳಿಗೆ ಗುಳೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಅಜ್ಜ, ಅಜ್ಜಿ, ಶಾಲೆಗೆ ಹೋಗುವ ಮೊಮ್ಮಕ್ಕಳು. ತಿಂಗಳ ವೃದ್ಧಾಪ್ಯ ವೇತನ ಬಂದರೆ ಔಷಧಿ, ಬಾರದಿದ್ದರೆ ಅಂಗಡಿಯ ಸಾಲ ಎಂಬುದು ಇಂತಹ ಎಷ್ಟೋ ಮನೆಗಳ ಸ್ಥಿತಿ.

ಈ ಸ್ಥಿತಿಯನ್ನು ಕಂಡು ಮರುಗುವ ವಿದ್ಯಾವಂತರಲ್ಲಿ ಕೆಲವರು ಒಂದು ಮಾತನ್ನು ಆಡುವುದುಂಟು. ಇದಕ್ಕೆಲ್ಲ ಧರ್ಮವೇ ಕಾರಣವೆಂಬುದು ಆ ಮಾತಿನ ತಿರುಳು. ಅವರ ದೂರು ಮೂರು ಬಗೆಯದು. ಕರ್ಮವನ್ನು ನಂಬಿದ ಜನ ಮುಪ್ಪಿನ ಕಷ್ಟವನ್ನು ಹಣೆಬರಹವೆಂದು ಒಪ್ಪಿಕೊಂಡು ಸುಮ್ಮನಾದರು ಎಂಬುದು ಮೊದಲನೆಯದು. ಕಾಯಕವನ್ನೇ ಹಿರಿದೆಂದ ಧರ್ಮದಲ್ಲಿ ದುಡಿಯಲಾರದ ಮುದುಕರಿಗೆ ಬೆಲೆಯಿಲ್ಲದಾಯಿತು ಎಂಬುದು ಎರಡನೆಯದು. ಮಠಗಳು ದಾಸೋಹ ನಡೆಸುತ್ತ ಬಂದುದರಿಂದ ಜನರು ಸರ್ಕಾರವನ್ನು ಕೇಳುವುದನ್ನೇ ಮರೆತರು ಎಂಬುದು ಮೂರನೆಯದು. ದೂರುವವರ ಕಳಕಳಿ ಸುಳ್ಳಲ್ಲ. ಆದರೆ ಅವರು ತೋರಿಸುವ ಕಾರಣ ಸರಿಯೇ ಎಂಬುದನ್ನು ಶರಣರ ನಡೆಯಿಂದಲೂ ಈ ಸೀಮೆಯ ಚರಿತ್ರೆಯಿಂದಲೂ ಪರೀಕ್ಷಿಸಬೇಕಾಗುತ್ತದೆ.

ಶರಣರು ಕಂಡ ಕಾಯಕ ಮತ್ತು ದಾಸೋಹ

ಮೊದಲನೆಯ ದೂರಿಗೆ ಉತ್ತರ ಹನ್ನೆರಡನೆಯ ಶತಮಾನದಲ್ಲಿಯೇ ಇದೆ. ಹುಟ್ಟಿನಿಂದ ಬಂದ ಹೀನಸ್ಥಿತಿಯನ್ನು ಪೂರ್ವಕರ್ಮದ ಫಲವೆಂದು ಒಪ್ಪಿಕೊಂಡಿದ್ದರೆ ಕಲ್ಯಾಣದಲ್ಲಿ ಅನುಭವ ಮಂಟಪವೇ ಕೂಡುತ್ತಿರಲಿಲ್ಲ. ಸಮಗಾರ ಹರಳಯ್ಯ, ಮಾದಾರ ಚೆನ್ನಯ್ಯ, ಸೂಳೆ ಸಂಕವ್ವೆಯಂಥವರಿಗೆ ಶರಣರ ನಡುವೆ ದೊರೆತ ಗೌರವವೇ ಹಣೆಬರಹದ ಮಾತಿಗೆ ಅವರು ಕೊಟ್ಟ ಉತ್ತರ. ತಿಥಿ, ವಾರ, ನಕ್ಷತ್ರಗಳ ಭಯವನ್ನು ಬಿಡಿಸಿದ ಧರ್ಮವನ್ನು ವಿಧಿಯ ಮೇಲೆ ಭಾರ ಹಾಕಿ ಕೂರುವ ಧರ್ಮವೆನ್ನಲು ಆಧಾರವಿಲ್ಲ.

ಎರಡನೆಯ ದೂರಿಗೆ ನುಲಿಯ ಚಂದಯ್ಯನವರ ಕಥೆಯನ್ನು ಉದಾಹರಿಸುವುದುಂಟು. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುತ್ತಿದ್ದ ಈ ಶರಣರು ಗುರುವಿಗಾಗಲಿ, ಲಿಂಗಕ್ಕಾಗಲಿ, ಜಂಗಮಕ್ಕಾಗಲಿ ಕಾಯಕ ತಪ್ಪದೆಂಬ ನಿಲುವಿನವರು. ಲಿಂಗಕ್ಕೇ ವಿನಾಯಿತಿ ಕೊಡದವರು ಮುದುಕರಿಗೆ ಕೊಟ್ಟಾರೆಯೇ ಎಂದು ಟೀಕಾಕಾರರು ಕೇಳುತ್ತಾರೆ. ಚಂದಯ್ಯನವರು ಯಾರನ್ನು ಕುರಿತು ಈ ನಿಯಮ ಹೇಳಿದರೆಂಬುದನ್ನು ಇಲ್ಲಿ ಗಮನಿಸಬೇಕು. ಅವರು ಹೆಸರಿಸಿದ್ದು ಪೂಜೆಗೊಳ್ಳುವ ಮೂರು ಸ್ಥಾನಗಳನ್ನು. ದೊಡ್ಡ ಸ್ಥಾನದಲ್ಲಿರುವವರು ಕೂತು ಉಣ್ಣಬಾರದೆಂಬುದು ಅದರ ಅರ್ಥ. ಕೈಲಾಗದವರನ್ನು ಗದ್ದೆಗೆ ಅಟ್ಟಬೇಕೆಂಬ ಅರ್ಥ ಅದರಲ್ಲಿ ಎಲ್ಲಿಯೂ ಇಲ್ಲ. ಬಲವಿದ್ದವರಿಗೆ ಹಾಕಿದ ಕಟ್ಟನ್ನು ಬಲವಿಲ್ಲದವರ ಮೇಲಿನ ಚಾಟಿಯೆಂದು ಓದುವುದು ತಪ್ಪು ಓದು.

ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನೂ ಇದರೊಡನೆ ನೆನೆಯಬೇಕು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಮೆಚ್ಚಲಿಲ್ಲ. ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದಳು. ದುಡಿದು ತಂದದ್ದರಲ್ಲಿ ಎಷ್ಟು ನನ್ನದು, ಎಷ್ಟು ಪರರದು ಎಂಬ ಲೆಕ್ಕವೇ ಕಾಯಕದ ಜೀವಾಳ. ಆ ಲೆಕ್ಕ ಮುಂದೆ ಸಾಗಿದಾಗ ದಾಸೋಹವಾಗುತ್ತದೆ. ದಾನ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ, ಪಡೆಯುವವನು ಒಡೆಯ. ಹಾಗಾಗಿ ಮುಪ್ಪಿನವರಿಗೆ ಸಲ್ಲುವುದು ಕರುಣೆಯಿಂದ ಬಿಸಾಡಿದ ತುತ್ತಲ್ಲ, ಅದು ಅವರಿಗೆ ಸಲ್ಲಬೇಕಾದ ಬಾಕಿ. ಇಂದು ಕಾನೂನಿನ ಭಾಷೆಯಲ್ಲಿ ಹಕ್ಕು ಎನ್ನುವುದು ಈ ಭಾವಕ್ಕೆ ಬಹಳ ಹತ್ತಿರದ್ದು.

1162ರ ಶಾಸನ ಹೇಳುವುದೇನು?

ಶರಣರ ಕಾಲದಲ್ಲಿ ಅನ್ನ, ಆಶ್ರಯ, ಔಷಧಿಗಳ ಹೊಣೆ ಯಾರದಾಗಿತ್ತೆಂಬುದನ್ನು ತಿಳಿಯಲು ಬಳ್ಳಿಗಾವಿಯ ಕೋಡಿಯ ಮಠದ ಶಾಸನ ಸಹಾಯಕವಾಗುತ್ತದೆ. ಬಳ್ಳಿಗಾವಿ ಈಗಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನಲ್ಲಿದೆ. ಅಲ್ಲಮಪ್ರಭುಗಳ ಹುಟ್ಟೂರೆಂದು ಪ್ರಸಿದ್ಧವಾದ ಸ್ಥಳ. ಬಿಜ್ಜಳನ ಆಳ್ವಿಕೆಯ 1162ರ ಆ ಶಾಸನ ಕೋಡಿಯ ಮಠವನ್ನು ವರ್ಣಿಸುವಾಗ ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಓದು ನಡೆಯುತ್ತಿತ್ತೆಂದು ಹೇಳುವುದಷ್ಟೇ ಅಲ್ಲ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ಸಿಗುತ್ತಿತ್ತೆಂದೂ ರೋಗಿಗಳಿಗೆ ಚಿಕಿತ್ಸೆ ದೊರೆಯುತ್ತಿತ್ತೆಂದೂ ತಿಳಿಸುತ್ತದೆ. ಅದು ಕಾಳಾಮುಖ ಶೈವರ ಮಠ, ಶರಣರದಲ್ಲ. ಆದರೂ ಕಾಲ ಒಂದೇ, ನಾಡು ಒಂದೇ, ಅರಸನೂ ಬಸವಣ್ಣನವರು ಯಾರ ಭಂಡಾರವನ್ನು ನೋಡಿಕೊಂಡರೋ ಆ ಬಿಜ್ಜಳನೇ.

ಈ ಶಾಸನದಲ್ಲಿ ಎರಡು ಕೈಗಳು ಕಾಣುತ್ತವೆ. ಉಣಬಡಿಸುವ ಕೈ ಮಠದ್ದು. ಅದಕ್ಕೆ ಬೇಕಾದ ಭೂಮಿಯನ್ನು ಬಿಟ್ಟುಕೊಟ್ಟ ಕೈ ರಾಜ್ಯದ್ದು. ಹರಪನಹಳ್ಳಿಗೆ ಸಮೀಪದ ಬಾಗಳಿಯ ಕಲ್ಲೇಶ್ವರನಂತಹ ಪ್ರಾಚೀನ ದೇವಾಲಯಗಳೂ ಇಂತಹ ದತ್ತಿಗಳಿಂದಲೇ ನಡೆದವು. ಧರ್ಮಸಂಸ್ಥೆ ಇದೆಯೆಂದು ಅರಸ ಕೈತೊಳೆದುಕೊಳ್ಳಲಿಲ್ಲ. ಅರಸ ಕೊಟ್ಟನೆಂದು ಮಠ ಸುಮ್ಮನಾಗಲಿಲ್ಲ. ದುರ್ಬಲರ ಪೋಷಣೆ ಇಬ್ಬರ ಕೂಡುಹೊಣೆಯಾಗಿತ್ತು. ಈ ಕೂಡುಹೊಣೆ ಮುರಿದದ್ದು ಎಲ್ಲಿ ಎಂಬುದೇ ಮುಂದಿನ ಪ್ರಶ್ನೆ.

ಧಾತು-ಈಶ್ವರ ಸಂವತ್ಸರದ ಬರ

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಅಲ್ಲಿಂದ 1953ರವರೆಗೆ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ತಾಲೂಕುಗಳು ಮದ್ರಾಸಿನ ಆಡಳಿತದಲ್ಲಿದ್ದವು. ಈ ಅವಧಿಯ ಅತಿ ದೊಡ್ಡ ಪರೀಕ್ಷೆ 1876ರಿಂದ 1878ರವರೆಗಿನ ಮಹಾಕ್ಷಾಮ. ಹಿರಿಯರ ಬಾಯಲ್ಲಿ ಅದು ಧಾತು-ಈಶ್ವರ ಸಂವತ್ಸರದ ಬರ. ಮದ್ರಾಸ್ ಪ್ರಾಂತ್ಯದಲ್ಲಿ ಅತಿಯಾಗಿ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಈ ಸೀಮೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗ ಕುಗ್ಗಿತು.

1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರುವ ದರ್ಬಾರು ನಡೆಯಿತು. ಅದೇ ತಿಂಗಳು ಕ್ಷಾಮದ ಖರ್ಚನ್ನು ಹಿಡಿತಕ್ಕೆ ತರಲು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ದಕ್ಷಿಣಕ್ಕೆ ಕಳುಹಿಸಲಾಯಿತು. ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕಕ್ಕೆ ಅವನು ಕೂಲಿಯನ್ನು ಇಳಿಸಿದನು. ಅದು ಸುಮಾರು 450 ಗ್ರಾಂ. ಮದ್ರಾಸಿನ ನೈರ್ಮಲ್ಯ ಕಮಿಷನರ್ ಡಾ. ಕಾರ್ನಿಶ್ ಇದು ದುಡಿಯುವ ದೇಹವನ್ನು ಉಳಿಸಲಾರದೆಂದು ಬಲವಾಗಿ ವಿರೋಧಿಸಿದರು. ಕೆಲವು ತಿಂಗಳು ಕಳೆದ ಮೇಲೆ ಕೂಲಿಯನ್ನು ಮತ್ತೆ ಏರಿಸಬೇಕಾಯಿತು. ಅಷ್ಟರಲ್ಲಿ ಹೋದ ಜೀವಗಳು ಮರಳಲಿಲ್ಲ.

ಇಂತಹ ವ್ಯವಸ್ಥೆಯಲ್ಲಿ ಮುದುಕರ ಗತಿ ಏನಾಗಿರಬಹುದೆಂದು ಊಹಿಸುವುದು ಕಷ್ಟವಲ್ಲ. ಪರಿಹಾರ ಬೇಕಾದವನು ಊರು ಬಿಟ್ಟು ದೂರದ ಕಾಮಗಾರಿಗೆ ನಡೆಯಬೇಕು, ಕಲ್ಲು ಒಡೆಯಬೇಕು, ಮಣ್ಣು ಹೊರಬೇಕು. ನಡೆಯುವ ಶಕ್ತಿ ಉಳಿದವನಿಗಷ್ಟೇ ಆ ಪರೀಕ್ಷೆ ದಾಟಲು ಸಾಧ್ಯ. ರೈಲು ಬಳ್ಳಾರಿಯವರೆಗೆ ಬಂದಿದ್ದರೂ ಹರಪನಹಳ್ಳಿಯ ಕಡೆಗೆ ಬಂದಿರಲಿಲ್ಲ. ಧಾನ್ಯ ಎತ್ತಿನ ಗಾಡಿಯಲ್ಲಿ ಬರಬೇಕಾಗಿತ್ತು, ಎತ್ತುಗಳೂ ಮೇವಿಲ್ಲದೆ ಸಾಯುತ್ತಿದ್ದವು. ಆದರೂ ಆ ಕಾಲದ ಬರಹಗಳಲ್ಲಿ ಈ ದೇಶದ ಜನರು ವಿಧಿಯನ್ನು ನಂಬಿ ಸುಮ್ಮನಿರುವವರು, ಜಾತಿಯ ಕಟ್ಟಿಗಾಗಿ ಬೇಯಿಸಿದ ಅನ್ನವನ್ನೂ ಬಿಡುವವರು ಎಂಬ ಮಾತು ಕಾಣಸಿಗುತ್ತದೆ. ಜಾತಿಯ ಕಟ್ಟು ಇರಲಿಲ್ಲವೆಂದು ಹೇಳುವುದು ಅಸತ್ಯವಾಗುತ್ತದೆ. ಶರಣರು ಹೋರಾಡಿದ್ದೇ ಆ ಕಟ್ಟಿನ ವಿರುದ್ಧ. ಆದರೆ ಒಂದು ಪೌಂಡಿನ ಲೆಕ್ಕವನ್ನು ಬರೆದದ್ದು ಜಾತಿಯಲ್ಲ, ಕರ್ಮವೂ ಅಲ್ಲ. ಅದನ್ನು ಬರೆದದ್ದು ಖಜಾನೆಯ ಕೈ.

ಧರ್ಮವೇ ನೆಪವಾದ ಬಗೆ

ಕ್ಷಾಮ ಮುಗಿದ ಮೇಲೆ ರಿಚರ್ಡ್ ಸ್ಟ್ರಾಚಿಯ ಅಧ್ಯಕ್ಷತೆಯ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಕ್ಷಾಮ ಬಂದಾಗ ದುಡಿಯಲಾರದವರಿಗೆ ಊರಿನಲ್ಲಿಯೇ ಪಟ್ಟಿ ಮಾಡಿ ಪುಕ್ಕಟೆ ನೆರವು ಕೊಡಬೇಕೆಂಬ ಒಳ್ಳೆಯ ಸಲಹೆ ಅದರಲ್ಲಿತ್ತು. ಆದರೆ ಸಾಮಾನ್ಯ ಕಾಲದಲ್ಲಿ ಬಡವರ, ಅಶಕ್ತರ ಪೋಷಣೆಗೆ ಇಂಗ್ಲೆಂಡಿನಲ್ಲಿದ್ದಂತಹ ಕಾನೂನು ಇಲ್ಲಿ ಬೇಡವೆಂಬ ನಿಲುವು ತಾಳಲಾಯಿತು. ಅದಕ್ಕೆ ಕೊಟ್ಟ ಕಾರಣವೇ ವಿಚಿತ್ರ. ಈ ದೇಶದ ಜನರು ಧರ್ಮಬುದ್ಧಿಯಿಂದ ತಮ್ಮ ಮನೆಯ, ಕುಲದ, ಊರಿನ ದಿಕ್ಕಿಲ್ಲದವರನ್ನು ತಾವೇ ಸಾಕುತ್ತಾರೆ, ಆದ್ದರಿಂದ ಸರ್ಕಾರ ಕೈ ಹಾಕುವ ಅಗತ್ಯವಿಲ್ಲ ಎಂಬುದು ಅದರ ತಾತ್ಪರ್ಯ.

ಇಲ್ಲಿ ಧರ್ಮವನ್ನು ಹೊಗಳಲಾಗಿದೆ. ಆ ಹೊಗಳಿಕೆಯನ್ನೇ ಹೊಣೆಯಿಂದ ಜಾರಲು ನೆಪ ಮಾಡಿಕೊಳ್ಳಲಾಗಿದೆ. ಊರಿಗೆ ಊರೇ ಬರಿದಾದ ಹೊತ್ತಿನಲ್ಲಿ ಯಾರು ಯಾರನ್ನು ಸಾಕಬೇಕು? ಹೀಗೆ ಒಂದು ಕಡೆ ಧರ್ಮವಿದೆಯೆಂದು ಸರ್ಕಾರ ಹಿಂದೆ ಸರಿಯಿತು. ಇನ್ನೊಂದು ಕಡೆ ಜನ ಸತ್ತಾಗ ಅವರ ಧರ್ಮಶ್ರದ್ಧೆಯೇ ಕಾರಣವೆಂದು ಆಡಿಕೊಳ್ಳಲಾಯಿತು. ಈ ಎರಡು ಮಾತುಗಳೂ ಒಂದೇ ನಾಣ್ಯದ ಎರಡು ಮುಖಗಳು. ಎರಡರಲ್ಲಿಯೂ ಖಜಾನೆಯ ಹೆಸರು ಬರುವುದಿಲ್ಲ.

ಇದೇ ಆಳುವವರು ತಮ್ಮ ಸ್ವಂತ ದೇಶದಲ್ಲಿ ಮಾಡಿದ್ದೇನು? ಇಂಗ್ಲೆಂಡಿನಲ್ಲಿ ನಿರ್ಗತಿಕ ಮುದುಕರು ಬಡವರ ದುಡಿಮೆಮನೆ ಸೇರುವುದು ಬಹುಕಾಲ ಸಾಮಾನ್ಯವಾಗಿತ್ತು. 1908ರಲ್ಲಿ ವೃದ್ಧಾಪ್ಯ ವೇತನದ ಕಾನೂನು ಬಂದಿತು. 1909ರ ಜನವರಿ 1ರಿಂದ 70 ವರ್ಷ ದಾಟಿದ ಬಡವರಿಗೆ ವಾರಕ್ಕೆ ಐದು ಶಿಲ್ಲಿಂಗ್‌ವರೆಗೆ ಅಂಚೆ ಕಚೇರಿಯಲ್ಲಿ ಸಿಗತೊಡಗಿತು. ದುಡಿಮೆಮನೆಯ ಕಾಲದಲ್ಲಿಯೂ ವೇತನದ ಕಾಲದಲ್ಲಿಯೂ ಆ ಜನರ ಧರ್ಮ ಒಂದೇ ಆಗಿತ್ತು. ಬದಲಾದದ್ದು ಕಾನೂನು. ಹರಪನಹಳ್ಳಿಯನ್ನು ಅದೇ ಸಾಮ್ರಾಜ್ಯ 1947ರವರೆಗೆ ಆಳಿತು; ಇಲ್ಲಿನ ರೈತನ ಮುಪ್ಪಿಗೆ ಅಂತಹ ಕಾನೂನು ಬರಲಿಲ್ಲ.

ಸ್ವಾತಂತ್ರ್ಯದ ನಂತರ

1950ರಲ್ಲಿ ಜಾರಿಗೆ ಬಂದ ಸಂವಿಧಾನದ 41ನೆಯ ಅನುಚ್ಛೇದ ಮುಪ್ಪು, ರೋಗ, ಅಂಗವಿಕಲತೆಗಳಲ್ಲಿ ಸಾರ್ವಜನಿಕ ನೆರವು ಒದಗಿಸುವುದನ್ನು ರಾಜ್ಯದ ಕರ್ತವ್ಯಗಳಲ್ಲಿ ಸೇರಿಸಿತು. ಆರ್ಥಿಕ ಶಕ್ತಿಯ ಮಿತಿಯಲ್ಲಿ ಎಂಬ ಷರತ್ತೂ ಅದರಲ್ಲಿದೆ. 1995ರ ಆಗಸ್ಟ್ 15ರಂದು ಆರಂಭವಾದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದಡಿ 65 ದಾಟಿದ ನಿರ್ಗತಿಕರಿಗೆ ಕೇಂದ್ರದಿಂದ ತಿಂಗಳಿಗೆ 75 ರೂಪಾಯಿ ನಿಗದಿಯಾಯಿತು. ಮುಂದೆ ಅದು 200 ರೂಪಾಯಿಯಾಯಿತು. 2011ರಲ್ಲಿ ಅರ್ಹತೆಯ ವಯಸ್ಸು 60ಕ್ಕೆ ಇಳಿದು, 80 ದಾಟಿದವರಿಗೆ 500 ರೂಪಾಯಿಯೆಂದು ಗೊತ್ತಾಯಿತು. ಅಕ್ಕಿ, ಬೇಳೆ, ಔಷಧಿಗಳ ಬೆಲೆ ಎಷ್ಟೋ ಪಟ್ಟು ಏರಿದರೂ 80ರ ಒಳಗಿನವರಿಗೆ ಕೇಂದ್ರದ ಪಾಲು ಆ 200ರಲ್ಲಿಯೇ ವರ್ಷಗಟ್ಟಲೆ ನಿಂತಿತು. ಕರ್ನಾಟಕ ಸರ್ಕಾರ 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯನ್ನು 400 ರೂಪಾಯಿಯಿಂದ ಆರಂಭಿಸಿತು. ಸಣ್ಣ ರೈತರು, ಕೃಷಿ ಕೂಲಿಕಾರರು, ನೇಕಾರರು, ಮೀನುಗಾರರು ಮೊದಲಾದವರಲ್ಲಿ 65 ದಾಟಿದವರಿಗೆ ಇದು ಸಲ್ಲುತ್ತದೆ. 2021ರಲ್ಲಿ ಇದರ ಮೊತ್ತ 1,000ದಿಂದ 1,200 ರೂಪಾಯಿಗೆ ಏರಿತು. 2011ರ ಜನಗಣತಿಯಂತೆ ರಾಜ್ಯದಲ್ಲಿ 60 ದಾಟಿದವರು ಸುಮಾರು 58 ಲಕ್ಷ.

ಈಗ ಒಂದು ಹೋಲಿಕೆಯನ್ನು ಮಾಡಿ ನೋಡಬಹುದು. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ ಹೋದವು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಹೊಸಪೇಟೆ, ಸಂಡೂರು, ಸಿರುಗುಪ್ಪ ಮತ್ತು ಬಳ್ಳಾರಿ ತಾಲೂಕಿನ ಹೆಚ್ಚಿನ ಭಾಗ ಮೈಸೂರಿಗೆ ಬಂದವು. ಗಡಿಯ ಎರಡೂ ಕಡೆ ಲಿಂಗಾಯತ ಮನೆಗಳಿವೆ, ಕನ್ನಡ ಮನೆಮಾತಿನವರಿದ್ದಾರೆ, ಬೀಗತನಗಳಿವೆ. ಎರಡೂ ಕಡೆ ಇಷ್ಟಲಿಂಗ ಅದೇ, ವಿಭೂತಿ ಅದೇ, ಬರವೂ ಅದೇ. 2024ರ ಜುಲೈಯಿಂದ ಆಂಧ್ರ ಪ್ರದೇಶ ಸರ್ಕಾರ ವೃದ್ಧಾಪ್ಯ ವೇತನವನ್ನು ತಿಂಗಳಿಗೆ 4,000 ರೂಪಾಯಿಗೆ ಏರಿಸಿತು. ಅಲ್ಲಿ ಸಾಮಾನ್ಯ ಅರ್ಹತೆಯ ವಯಸ್ಸು 60. ರಾಯದುರ್ಗದ ಅಜ್ಜಿಗೆ 4,000, ಹಲವಾಗಲಿನ ಅಜ್ಜಿಗೆ 1,200 ಎಂಬ ಈ ಅಂತರವನ್ನು ಕರ್ಮದಿಂದ ವಿವರಿಸಲು ಬರುತ್ತದೆಯೇ? ಕಾಯಕದಿಂದ, ದಾಸೋಹದಿಂದ ವಿವರಿಸಲು ಬರುತ್ತದೆಯೇ? ಧರ್ಮ ಎರಡೂ ಕಡೆ ಒಂದೇ ಆಗಿರುವಾಗ ವ್ಯತ್ಯಾಸಕ್ಕೆ ಕಾರಣ ಬೇರೆಯೇ ಇರಬೇಕು. ವಿಧಾನಸಭೆಯಲ್ಲಿ ಮಂಡಿಸುವ ಆಯವ್ಯಯವೇ ಆ ಕಾರಣ. ಮೊತ್ತ ಹೆಚ್ಚಿದೊಡನೆ ಮುಪ್ಪಿನ ಎಲ್ಲ ಕಷ್ಟ ನೀಗಿತೆಂದು ಇದರ ಅರ್ಥವಲ್ಲ. ದೂರನ್ನು ಯಾವ ಬಾಗಿಲಿಗೆ ಒಯ್ಯಬೇಕೆಂಬುದು ಮಾತ್ರ ಇದರಿಂದ ಸ್ಪಷ್ಟವಾಗುತ್ತದೆ.

ಹರಪನಹಳ್ಳಿಯ ಮಟ್ಟಿಗೆ ಆಡಳಿತದ ಅಲೆದಾಟವೂ ಸಣ್ಣದಲ್ಲ. 1997ರಲ್ಲಿ ತಾಲೂಕು ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿತು. 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಇದನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಇರಿಸಿತು. 371ಜೆ ಅನುಚ್ಛೇದದ ಸೌಲಭ್ಯ ದೊರೆಯಲೆಂಬ ಹೋರಾಟದ ಫಲವಾಗಿ 2018ರಲ್ಲಿ ತಾಲೂಕು ಬಳ್ಳಾರಿಗೆ ಮರಳಿತು. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲಾ ಕೇಂದ್ರ ಬದಲಾದಾಗಲೆಲ್ಲ ಕಡತಗಳೂ ಪ್ರಯಾಣ ಮಾಡುತ್ತವೆ. ಹೊಲಗೆಲಸದಲ್ಲಿ ಸವೆದ ಹೆಬ್ಬೆಟ್ಟಿನ ಗುರುತು ಯಂತ್ರಕ್ಕೆ ಹೊಂದದಿದ್ದರೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿದ್ದರೆ, ವಯಸ್ಸಿನ ದಾಖಲೆಯಲ್ಲಿ ಒಂದಂಕಿ ತಪ್ಪಿದ್ದರೆ ವೇತನ ನಿಲ್ಲುತ್ತದೆ. ನಿಂತುದಕ್ಕೆ ಕಾರಣವನ್ನು ವೃದ್ಧರಿಗೆ ತಿಳಿಸಿ ಹೇಳುವವರಿಲ್ಲ. ಈ ಲೋಪಗಳಿಗೆ ಧರ್ಮದಲ್ಲಿ ಮೂಲ ಹುಡುಕಿದರೆ ಲೋಪ ಹಾಗೆಯೇ ಉಳಿಯುತ್ತದೆ.

ಭಕ್ತರ ಪಾಲಿನ ತಪ್ಪು

ಇಷ್ಟು ಹೇಳಿದ ಮೇಲೆ ಭಕ್ತಸಮೂಹ ನಿರಾಳವಾಗಿ ಕೂರುವಂತಿಲ್ಲ. ಧರ್ಮದ ಮೇಲಿನ ದೂರು ತಪ್ಪಾದರೂ ಧಾರ್ಮಿಕರ ಮೇಲಿನ ದೂರು ಕೆಲವೊಮ್ಮೆ ಸರಿಯಾಗಿರುತ್ತದೆ. ಬಸವ ಜಯಂತಿಯಂದು ವಚನ ಹಾಡಿ, ಹೆತ್ತವರ ಹೆಸರಿನ ಹೊಲವನ್ನು ಬರೆಸಿಕೊಂಡ ಮೇಲೆ ಅವರ ಊಟದ ಪಾಳಿಗಾಗಿ ಜಗಳಾಡುವ ಮಕ್ಕಳಿದ್ದಾರೆ. 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾನೂನನ್ನು ಸಂಸತ್ತು ಮಾಡಬೇಕಾಗಿ ಬಂದದ್ದೇ ಇದಕ್ಕೆ ಸಾಕ್ಷಿ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಮಕ್ಕಳು ಮಾತಿಗೆ ತಪ್ಪಿದರೆ, ರದ್ದುಪಡಿಸಲು ಆ ಕಾನೂನಿನಲ್ಲಿ ಅವಕಾಶವಿದೆ. ಉಪವಿಭಾಗಾಧಿಕಾರಿಗಳ ಮುಂದೆ ಸರಳ ಅರ್ಜಿಯಿಂದ ಜೀವನಾಂಶ ಕೇಳಬಹುದು. ಜಿಲ್ಲೆಗೊಂದಾದರೂ ವೃದ್ಧಾಶ್ರಮವನ್ನು ಸರ್ಕಾರ ಸ್ಥಾಪಿಸಬಹುದೆಂದೂ ಅದರಲ್ಲಿ ಹೇಳಿದೆ. ಈ ಕಾನೂನು ಇದೆಯೆಂಬುದನ್ನೇ ಎಷ್ಟೋ ಹಿರಿಯರು ಅರಿಯರು.

ಇನ್ನೊಂದು ತಪ್ಪು ದಾಸೋಹದ ಹೆಮ್ಮೆ. ಕೊಟ್ಟೂರೇಶ್ವರನ ರಥೋತ್ಸವಕ್ಕೆ ನಡೆದುಹೋಗುವ ಪಾದಯಾತ್ರಿಕರಿಗೆ ದಾರಿಯುದ್ದಕ್ಕೂ ಊರವರು ಬುತ್ತಿ, ಮಜ್ಜಿಗೆ, ಹಣ್ಣು ಕೊಟ್ಟು ಉಪಚರಿಸುವುದು ಈ ಸೀಮೆಯ ಸೊಗಸು. ಆದರೆ ದಾಸೋಹ ಹಸಿದ ಹೊತ್ತಿಗೆ ಅನ್ನ ನೀಡಬಲ್ಲದು. ತಿಂಗಳು ತಿಂಗಳೂ ತಪ್ಪದೆ ಬರುವ ವೇತನವಾಗಲಾರದು, ರಕ್ತದೊತ್ತಡದ ಮಾತ್ರೆಯಾಗಲಾರದು, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಲಾರದು. ನಾವು ಅನ್ನ ಹಾಕುತ್ತೇವೆ, ಸರ್ಕಾರವೇಕೆ ಬೇಕು ಎಂದು ಭಕ್ತರು ಹೇಳತೊಡಗಿದರೆ ಅದು 1880ರ ನೆಪವನ್ನೇ ಮತ್ತೆ ಒಪ್ಪಿಸಿದಂತಾಗುತ್ತದೆ.

ಅನ್ನ ಬಡಿಸುವ ಕೈ ಮತ್ತು ಲೆಕ್ಕ ಕೇಳುವ ಬಾಯಿ ಎರಡೂ ಶರಣಧರ್ಮಕ್ಕೆ ಸಲ್ಲುತ್ತವೆ. ಪತಿ ತಂದ ಅಕ್ಕಿಯ ಲೆಕ್ಕವನ್ನೇ ಕೇಳಿದ ಲಕ್ಕಮ್ಮ, ಭಂಡಾರದಲ್ಲಿರುವ ಅಕ್ಕಿಯ ಲೆಕ್ಕವನ್ನು ಕೇಳದೆ ಬಿಡುತ್ತಿರಲಿಲ್ಲ. ನೆರೆಮನೆಯ ಅಜ್ಜಿಯ ವೇತನ ಮೂರು ತಿಂಗಳಿಂದ ನಿಂತಿದ್ದರೆ, ಆಕೆಯ ಕೈ ಹಿಡಿದು ನಾಡಕಚೇರಿಗೆ ಕರೆದೊಯ್ದು, ಅರ್ಜಿ ಬರೆದುಕೊಟ್ಟು, ಉತ್ತರ ಬರುವವರೆಗೆ ಬೆನ್ನು ಬಿಡದಿರುವುದು ಇಂದಿನ ಕಾಯಕ. ಅಲ್ಲಿಂದ ಮರಳುವಾಗ ಆಕೆಗೆ ತನ್ನ ಮನೆಯಲ್ಲಿ ಊಟ ಬಡಿಸುವುದು ದಾಸೋಹ. ಇವೆರಡೂ ನಡೆಯುವ ಊರಿನಲ್ಲಿ ಮುಪ್ಪಿನ ಕಷ್ಟಕ್ಕೆ ಧರ್ಮವನ್ನು ದೂರುವ ಮಾತು ತಾನಾಗಿಯೇ ನಿಲ್ಲುತ್ತದೆ.